ಚಾರ್ಲ್ಸ್ ಸಮ್ನರ್: ಖಾಲಿ ಕುರ್ಚಿಯ ಸೆನೆಟರ್

2021ರ ಜನವರಿ 6ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನಕ್ಕೆ ಉದ್ರಿಕ್ತ ಗುಂಪೊಂದು ನುಗ್ಗಿ, ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ದೃಢೀಕರಿಸುವ ಕಲಾಪವನ್ನು ಕೆಲವು ಗಂಟೆಗಳ ಕಾಲ ನಿಲ್ಲಿಸಿದ ದೃಶ್ಯವನ್ನು ನಾವೆಲ್ಲರೂ ದೂರದರ್ಶನದಲ್ಲಿ ಕಂಡಿದ್ದೇವೆ. ನಮ್ಮಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿ ನೆಲೆಸಿರುವುದರಿಂದ ಅಂದು ಎಷ್ಟೋ ಮನೆಗಳಲ್ಲಿ ಆತಂಕ ಮೂಡಿತ್ತು. ಪ್ರಜಾಪ್ರಭುತ್ವಕ್ಕೆ ಹೆಸರಾದ ನಾಡಿನಲ್ಲಿ ಇಂಥದ್ದು ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಆದರೆ ಅಮೆರಿಕದ ಸಾರ್ವಜನಿಕ ಜೀವನದಲ್ಲಿ ದ್ವೇಷವೂ ಹಿಂಸೆಯೂ ಹೊಸತಲ್ಲ. ಸರಿಯಾಗಿ 210 ವರ್ಷಗಳ ಹಿಂದೆ, ಅದೇ ಜನವರಿ 6ರಂದು ಜನಿಸಿದ ಒಬ್ಬ ಧೀಮಂತರು ಅದೇ ಭವನದೊಳಗೆ, ತಮ್ಮ ಆಸನದಲ್ಲಿ ಕುಳಿತಿದ್ದಾಗಲೇ ಸಾವಿನಂಚಿಗೆ ಹೋಗುವಷ್ಟು ಪೆಟ್ಟು ತಿಂದರು. ಅವರೇ ಚಾರ್ಲ್ಸ್ ಸಮ್ನರ್. ಅವರ ಬಾಳಿನ ಕಥೆ ಇಂದಿಗೂ ನಮ್ಮನ್ನು ಚಿಂತನೆಗೆ ಹಚ್ಚುವಂತಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸಮ್ನರ್ ಅವರು 1811ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ನಗರದಲ್ಲಿ, ಅವಳಿ ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದರು. ತಂದೆ ವಕೀಲರು, ಮುಂದೆ ಆ ಕೌಂಟಿಯ ಷೆರಿಫ್ ಆದರು. ಗುಲಾಮಗಿರಿಯನ್ನು ಖಂಡಿಸುತ್ತಿದ್ದ ಅವರಿಗೆ ಕಪ್ಪು ಜನಾಂಗದ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದೂ ಒಪ್ಪಿಗೆಯಿರಲಿಲ್ಲ. ಕುಟುಂಬ ವಾಸವಿದ್ದ ಬೀಕನ್ ಹಿಲ್‌ನ ಉತ್ತರದ ಇಳಿಜಾರಿನಲ್ಲಿ ಸ್ವತಂತ್ರರಾದ ಕಪ್ಪು ಕುಟುಂಬಗಳೂ ನೆಲೆಸಿದ್ದವು. ಹೀಗಾಗಿ ಬಾಲಕ ಸಮ್ನರ್ ಅವರನ್ನು ನೆರೆಹೊರೆಯವರನ್ನಾಗಿಯೇ ಕಂಡು ಬೆಳೆದರು.

ಬಾಸ್ಟನ್ ಲ್ಯಾಟಿನ್ ಶಾಲೆ, ಹಾರ್ವರ್ಡ್ ಕಾಲೇಜು, ಬಳಿಕ ಹಾರ್ವರ್ಡ್ ಕಾನೂನು ಶಾಲೆಗಳಲ್ಲಿ ಅವರ ವ್ಯಾಸಂಗ ನಡೆಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ಕಾನೂನು ಪ್ರಾಧ್ಯಾಪಕರೂ ಆಗಿದ್ದ ಜೋಸೆಫ್ ಸ್ಟೋರಿ ಅವರ ಮೆಚ್ಚಿನ ಶಿಷ್ಯರೆನಿಸಿ, 1834ರಲ್ಲಿ ವಕೀಲರಾದರು. ಆರಡಿಗೂ ಮೀರಿದ ಎತ್ತರ, ಗಂಭೀರ ಕಂಠ, ಅಪಾರ ಓದು ಅವರವಾಗಿದ್ದವು. ಆದರೆ ಕೋರ್ಟಿನ ದಿನನಿತ್ಯದ ವ್ಯವಹಾರದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಸಾಲ ಮಾಡಿ 1837ರ ಕೊನೆಯಲ್ಲಿ ಯೂರೋಪಿಗೆ ಹಡಗು ಹತ್ತಿದರು. ಎರಡು ವರ್ಷಗಳಿಗೂ ಮೀರಿದ ಈ ಪ್ರವಾಸದಲ್ಲಿ ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳನ್ನು ಕಲಿತರು.

ಪ್ಯಾರಿಸ್ಸಿನ ಸೊರ್ಬೋನ್ ವಿಶ್ವವಿದ್ಯಾಲಯದ ಉಪನ್ಯಾಸವೊಂದರಲ್ಲಿ ಅವರ ಕಣ್ಣಿಗೆ ಬಿದ್ದ ಒಂದು ಸಣ್ಣ ಸಂಗತಿ ಅವರ ಬಾಳಿಗೇ ದಿಕ್ಕು ತೋರಿತು. ಅಲ್ಲಿ ಕೆಲವು ಕಪ್ಪು ವಿದ್ಯಾರ್ಥಿಗಳು ಇತರರ ನಡುವೆ ನಿಶ್ಚಿಂತೆಯಿಂದ ಕುಳಿತು ಪಾಠ ಕೇಳುತ್ತಿದ್ದರು. ಯಾರೂ ಅದನ್ನು ವಿಶೇಷವೆಂದು ಎಣಿಸಿರಲಿಲ್ಲ. ತಮ್ಮ ದೇಶದಲ್ಲಿ ಬಿಳಿಯರಿಗೂ ಕರಿಯರಿಗೂ ಇರುವ ಅಂತರ ನಿಸರ್ಗ ಕೊಟ್ಟದ್ದಲ್ಲ, ಮನುಷ್ಯರು ಕಲಿಸಿದ್ದು ಎಂದು ಸಮ್ನರ್ ಅಂದೇ ದಿನಚರಿಯಲ್ಲಿ ಬರೆದುಕೊಂಡರು.

ಜಾತಿಯ ಹೋಲಿಕೆ

ತಾಯ್ನಾಡಿಗೆ ಮರಳಿದ ಮೇಲೆ 1845ರ ಸ್ವಾತಂತ್ರ್ಯ ದಿನದಂದು ಬಾಸ್ಟನ್ನಿನಲ್ಲಿ ಅವರು ಮಾಡಿದ ಯುದ್ಧವಿರೋಧಿ ಭಾಷಣ, ಸಮವಸ್ತ್ರಧಾರಿ ಸೈನಿಕರೇ ಮುಂದಿನ ಸಾಲಿನಲ್ಲಿದ್ದ ಆ ಸಭೆಯನ್ನು ಬೆಚ್ಚಿಬೀಳಿಸಿತು. 1849ರಲ್ಲಿ ಸಾರಾ ರಾಬರ್ಟ್ಸ್ ಎಂಬ ಪುಟ್ಟ ಕಪ್ಪು ಬಾಲಕಿಯ ಪರವಾಗಿ ಅವರು ನ್ಯಾಯಾಲಯದಲ್ಲಿ ನಿಂತರು. ಮನೆಯ ಹತ್ತಿರದ ಬಿಳಿಯರ ಶಾಲೆಗಳನ್ನು ದಾಟಿ ದೂರದ ಶಾಲೆಗೆ ಆಕೆ ನಡೆದುಹೋಗಬೇಕಾಗಿತ್ತು. ಜೊತೆಗೆ ವಾದಿಸಿದವರು ಅಮೆರಿಕದ ಮೊದಮೊದಲ ಕಪ್ಪು ವಕೀಲರಲ್ಲೊಬ್ಬರಾದ ರಾಬರ್ಟ್ ಮಾರಿಸ್. ಈ ವಾದದಲ್ಲಿ ಸಮ್ನರ್ ಅವರು ಭಾರತದ ಜಾತಿಪದ್ಧತಿಯನ್ನು ಉದಾಹರಿಸಿದರೆಂಬುದು ನಮಗೆ ವಿಶೇಷ. ಹುಟ್ಟಿನಿಂದಲೇ ಒಬ್ಬರನ್ನು ಮೇಲೆ, ಒಬ್ಬರನ್ನು ಕೆಳಗೆ ಇರಿಸುವ ಪದ್ಧತಿಯನ್ನು ದೂರದ ದೇಶದಲ್ಲಿ ಕಂಡಾಗ ಖಂಡಿಸುವ ನಾವು, ನಮ್ಮ ಊರಿನಲ್ಲಿ ಅದನ್ನೇ ಸಾಕಿಕೊಂಡಿದ್ದೇವೆ ಎಂಬುದು ಅವರ ವಾದದ ತಿರುಳು. 1869ರಲ್ಲಿ ಜಾತಿಯ ಪ್ರಶ್ನೆಯನ್ನೇ ಕುರಿತು ಅವರು ಪ್ರತ್ಯೇಕ ಉಪನ್ಯಾಸವನ್ನೂ ನೀಡಿದರು. ಮೊಕದ್ದಮೆಯಲ್ಲಿ ಅವರು ಸೋತರೂ, 1855ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಕಾನೂನು ಮಾಡಿ ಶಾಲೆಗಳಲ್ಲಿನ ವರ್ಣಭೇದವನ್ನು ತೆಗೆದುಹಾಕಿತು.

1851ರ ಏಪ್ರಿಲ್‌ನಲ್ಲಿ, ತಿಂಗಳುಗಟ್ಟಲೆ ಜಗ್ಗಾಟದ ನಂತರ, ಆ ಶಾಸನಸಭೆ ಅವರನ್ನು ಸೆನೆಟ್ಟಿಗೆ ಆರಿಸಿ ಕಳುಹಿಸಿತು.

ಮಾತು ಮನೆ ಕೆಡಿಸಿದಾಗ

ಆಗಿನ ಅಮೆರಿಕ ಎರಡಾಗಿ ಸೀಳಿತ್ತು. ದಕ್ಷಿಣದ ರಾಜ್ಯಗಳ ಸಿರಿ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು. ತಪ್ಪಿಸಿಕೊಂಡು ಬಂದ ಗುಲಾಮರನ್ನು ಉತ್ತರದವರು ಹಿಡಿದೊಪ್ಪಿಸಬೇಕೆಂದು 1850ರ ಕಾನೂನು ವಿಧಿಸಿತ್ತು. 1854ರ ಇನ್ನೊಂದು ಕಾನೂನು, ಹೊಸದಾಗಿ ರೂಪುಗೊಳ್ಳುತ್ತಿದ್ದ ಕಾನ್ಸಾಸ್ ಪ್ರಾಂತದಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬುದನ್ನು ಅಲ್ಲಿ ನೆಲೆಸುವವರೇ ಮತದಿಂದ ತೀರ್ಮಾನಿಸಲಿ ಎಂದಿತು. ಕೇಳಲು ನ್ಯಾಯವಾಗಿ ತೋರಿದ ಈ ಏರ್ಪಾಡು ಎರಡೂ ಕಡೆಯವರು ಜನರನ್ನೂ ಬಂದೂಕುಗಳನ್ನೂ ಅಲ್ಲಿಗೆ ಸಾಗಿಸಲು ದಾರಿಯಾಯಿತು. ನೆರೆಯ ಮಿಸ್ಸೂರಿಯಿಂದ ಗುಂಪುಗಳು ಗಡಿ ದಾಟಿ ಬಂದು ಕಳ್ಳಮತ ಹಾಕಿದವು.

1856ರ ಮೇ 19 ಮತ್ತು 20ರಂದು ಸಮ್ನರ್ ಅವರು ಸೆನೆಟ್ಟಿನಲ್ಲಿ ಕಾನ್ಸಾಸ್ ಕುರಿತು ಎರಡು ದಿನಗಳ ಸುದೀರ್ಘ ಭಾಷಣ ಮಾಡಿದರು. ಅವರ ಆರೋಪಗಳಲ್ಲಿ ಸತ್ಯವಿತ್ತು. ಆದರೆ ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಅಂದು ಸಭೆಯಲ್ಲಿಲ್ಲದ, ದಕ್ಷಿಣ ಕೆರೊಲಿನಾದ ವೃದ್ಧ ಸೆನೆಟರ್ ಆಂಡ್ರ್ಯೂ ಬಟ್ಲರ್ ಅವರನ್ನು ಹೀಯಾಳಿಸಿದರು. ಗುಲಾಮಗಿರಿಯೆಂಬ ಕುಲಟೆಯನ್ನು ಅವರು ವರಿಸಿಕೊಂಡಿದ್ದಾರೆ ಎಂದರು. ಅವರ ಮಾತಿನ ತೊದಲನ್ನೂ ಅಣಕಿಸಿದರು. ಮಾತು ಮನೆ ಕೆಡಿಸಿತು ಎಂಬ ನಮ್ಮ ಗಾದೆ ಇಲ್ಲಿ ನೆನಪಾಗುತ್ತದೆ. ಸಮ್ನರ್ ಅವರ ಅಭಿಮಾನಿಗಳೂ ಈ ಭಾಗವನ್ನು ಸಮರ್ಥಿಸಲು ಕಷ್ಟಪಡುತ್ತಾರೆ.

ಮೇ 22ರ ಮಧ್ಯಾಹ್ನ ಕಲಾಪ ಮುಗಿದಿತ್ತು. ಸಮ್ನರ್ ಅವರು ಮೇಜಿನ ಮೇಲೆ ಬಾಗಿ, ಅದೇ ಭಾಷಣದ ಪ್ರತಿಗಳನ್ನು ಅಂಚೆಗೆ ಸಿದ್ಧಪಡಿಸುತ್ತಿದ್ದರು. ಬಟ್ಲರ್ ಅವರ ಬಂಧುವೂ ಪ್ರತಿನಿಧಿ ಸಭೆಯ ಸದಸ್ಯನೂ ಆದ ಪ್ರೆಸ್ಟನ್ ಬ್ರೂಕ್ಸ್ ಎದುರಿಗೆ ಬಂದು ನಿಂತ. ತನ್ನ ರಾಜ್ಯಕ್ಕೂ ಬಂಧುವಿಗೂ ಅವಮಾನವಾಗಿದೆ ಎನ್ನುತ್ತ, ಚಿನ್ನದ ಹಿಡಿಯ ಕೈಗೋಲಿನಿಂದ ತಲೆಯ ಮೇಲೆ ಹೊಡೆಯತೊಡಗಿದ. ನೆಲಕ್ಕೆ ಬಿಗಿದಿದ್ದ ಮೇಜಿನ ಕೆಳಗೆ ಸಮ್ನರ್ ಅವರ ಕಾಲುಗಳು ಸಿಕ್ಕಿಕೊಂಡಿದ್ದವು. ಮೇಜನ್ನೇ ಕಿತ್ತು ಎದ್ದ ಅವರಿಗೆ ರಕ್ತದಿಂದ ಕಣ್ಣು ಕಾಣದಾಗಿತ್ತು. ಕೋಲು ತುಂಡಾದ ಮೇಲೂ ಪೆಟ್ಟು ನಿಲ್ಲಲಿಲ್ಲ. ಬಿಡಿಸಲು ಬಂದವರನ್ನು ಬ್ರೂಕ್ಸ್‌ನ ಜೊತೆಗಾರ ಲಾರೆನ್ಸ್ ಕೀಟ್ ಬೆದರಿಸಿ ತಡೆದ.

ಶಿಕ್ಷೆಗೆ ಬದಲು ಸನ್ಮಾನ

ಆ ಕಾಲದಲ್ಲಿ ಸಂಸತ್ ಸದಸ್ಯರ ಹೊಡೆದಾಟ ಅಪರೂಪವಾಗಿರಲಿಲ್ಲ. 1830ರಿಂದ 1860ರವರೆಗೆ ಇಂತಹ 70ಕ್ಕೂ ಹೆಚ್ಚು ಪ್ರಸಂಗಗಳನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಸಮ್ನರ್ ಪ್ರಕರಣ ಎಲ್ಲಕ್ಕಿಂತ ಭೀಕರವೆನಿಸಿದ್ದು ಆ ಪೆಟ್ಟುಗಳಿಂದ ಮಾತ್ರವಲ್ಲ, ಅವುಗಳಿಗೆ ಸಿಕ್ಕ ಚಪ್ಪಾಳೆಯಿಂದ. ದಕ್ಷಿಣದ ಊರೂರುಗಳಿಂದ ಬ್ರೂಕ್ಸ್‌ಗೆ ಹೊಸ ಕೈಗೋಲುಗಳು ಉಡುಗೊರೆಯಾಗಿ ಬಂದವು. ಮುರಿದ ಕೋಲಿನ ಚೂರುಗಳನ್ನು ಉಂಗುರವಾಗಿಸಿ ಧರಿಸಿದವರಿದ್ದರು. ನ್ಯಾಯಾಲಯ ವಿಧಿಸಿದ್ದು 300 ಡಾಲರ್ ದಂಡ ಮಾತ್ರ. ಉಚ್ಚಾಟನೆಯ ನಿರ್ಣಯಕ್ಕೆ ಪರವಾಗಿ 121, ವಿರುದ್ಧವಾಗಿ 95 ಮತಗಳು ಬಂದವು. ಮೂರನೆಯ ಎರಡು ಭಾಗದ ಬಹುಮತ ದೊರೆಯದೆ ನಿರ್ಣಯ ಬಿದ್ದುಹೋಯಿತು. ತಾನಾಗಿಯೇ ರಾಜೀನಾಮೆಯಿತ್ತ ಬ್ರೂಕ್ಸ್‌ನನ್ನು ಮತದಾರರು ಮತ್ತೆ ಆರಿಸಿ ಕಳುಹಿಸಿದರು. ಉತ್ತರದಲ್ಲಿ ಪ್ರತಿಭಟನಾ ಸಭೆಗಳು ತುಂಬಿ ತುಳುಕಿದವು. ಸಮ್ನರ್ ಅವರ ಭಾಷಣದ ಪ್ರತಿಗಳು ಲಕ್ಷಾಂತರ ಸಂಖ್ಯೆಯಲ್ಲಿ ಹಂಚಿಹೋದವು. ಆಗಷ್ಟೇ ಹುಟ್ಟಿದ್ದ ರಿಪಬ್ಲಿಕನ್ ಪಕ್ಷಕ್ಕೆ ಇದರಿಂದ ಬಲ ಬಂದಿತು.

ಹಿಂಸೆ ಒಂದೇ ಪಕ್ಷದ ಸೊತ್ತಾಗಿಯೂ ಉಳಿಯಲಿಲ್ಲ. ಮೇ 21ರಂದು ಗುಲಾಮಗಿರಿಯ ಪರವಾದ ಗುಂಪು ಕಾನ್ಸಾಸ್‌ನ ಲಾರೆನ್ಸ್ ಪಟ್ಟಣವನ್ನು ಸೂರೆಗೈದಿತ್ತು. ಮೇ 24ರ ರಾತ್ರಿ ಗುಲಾಮಗಿರಿಯ ಕಟ್ಟಾ ವಿರೋಧಿ ಜಾನ್ ಬ್ರೌನ್ ಮತ್ತು ಅವನ ಸಂಗಡಿಗರು ಐವರನ್ನು ಮನೆಗಳಿಂದ ಹೊರಗೆಳೆದು ಕತ್ತಿಯಿಂದ ಕಡಿದು ಕೊಂದರು. ಒಂದೇ ವಾರದಲ್ಲಿ ಮಾತು ಕೋಲಾಗಿ, ಕೋಲು ಕತ್ತಿಯಾಯಿತು.

ಮೂರು ವರ್ಷಗಳ ಮೌನ

ಸಮ್ನರ್ ಅವರು ಚೇತರಿಸಿಕೊಳ್ಳಲು ಮೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ತಲೆನೋವು, ನಿದ್ರಾಹೀನತೆ, ನಡೆಯುವಾಗ ತತ್ತರಿಸುವಿಕೆ ಅವರನ್ನು ಕಾಡಿದವು. ಪ್ಯಾರಿಸ್ಸಿನಲ್ಲಿ ಬ್ರೌನ್ ಸೆಕಾರ್ ಎಂಬ ವೈದ್ಯರು ಅರಿವಳಿಕೆಯಿಲ್ಲದೆ ಅವರ ಬೆನ್ನಿನ ಚರ್ಮವನ್ನು ಸುಡುವ ಚಿಕಿತ್ಸೆ ನೀಡಿದರು. 1857ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ, ಅವರು ಎಂದು ಮರಳುವರೆಂಬುದು ತಿಳಿಯದಿದ್ದರೂ, ಹೆಚ್ಚುಕಡಿಮೆ ಸರ್ವಾನುಮತದಿಂದ ಅವರನ್ನೇ ಪುನರಾಯ್ಕೆ ಮಾಡಿತು. ಸೆನೆಟ್ಟಿನಲ್ಲಿ ಖಾಲಿಯಾಗಿಯೇ ಉಳಿದ ಆ ಕುರ್ಚಿ ಯಾವ ಭಾಷಣಕ್ಕಿಂತಲೂ ಗಟ್ಟಿಯಾಗಿ ಮಾತಾಡಿತು. ಅದೇ ತಿಂಗಳು, 37ರ ವಯಸ್ಸಿನಲ್ಲಿ, ಬ್ರೂಕ್ಸ್ ಗಂಟಲಿನ ಬೇನೆಯಿಂದ ತೀರಿಕೊಂಡ.

1859ರ ಡಿಸೆಂಬರ್‌ನಲ್ಲಿ ಸಮ್ನರ್ ಅವರು ಮರಳಿದರು. ಮರುವರ್ಷದ ಜೂನ್‌ನಲ್ಲಿ ಗುಲಾಮಗಿರಿಯ ಅನಾಗರಿಕತೆಯ ಬಗ್ಗೆ ಮತ್ತೊಂದು ದೀರ್ಘ ಭಾಷಣ ಮಾಡಿದರು. ಪೆಟ್ಟು ಅವರ ನಾಲಗೆಯನ್ನು ಕಟ್ಟಿಹಾಕಿರಲಿಲ್ಲ.

ಯುದ್ಧ ಮತ್ತು ಶಾಸನ

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಸಮ್ನರ್ ಅವರು ಸೆನೆಟ್ಟಿನ ವಿದೇಶಾಂಗ ಸಮಿತಿಯ ಅಧ್ಯಕ್ಷರಾದರು. ಆ ವರ್ಷದ ಕೊನೆಗೆ ಬ್ರಿಟಿಷ್ ಹಡಗೊಂದರಿಂದ ದಕ್ಷಿಣದ ಇಬ್ಬರು ರಾಯಭಾರಿಗಳನ್ನು ಅಮೆರಿಕದ ನೌಕಾಪಡೆ ಸೆರೆಹಿಡಿದಾಗ ಬ್ರಿಟನ್ನಿನೊಡನೆ ಯುದ್ಧದ ಭೀತಿ ಎದುರಾಯಿತು. ಸೆರೆಯಾಳುಗಳನ್ನು ಬಿಟ್ಟುಬಿಡುವುದೇ ವಿವೇಕವೆಂದು ಅವರು ಅಧ್ಯಕ್ಷ ಲಿಂಕನ್ ಅವರಿಗೆ ಸಲಹೆಯಿತ್ತರು, ಹಾಗೆಯೇ ಆಯಿತು. ಗುಲಾಮರ ವಿಮೋಚನೆಗೆ ತಡಮಾಡಬಾರದೆಂದು ಅವರು ಲಿಂಕನ್ ಅವರನ್ನು ಬಿಡದೆ ಒತ್ತಾಯಿಸುತ್ತಿದ್ದರು. 1865ರ ಫೆಬ್ರವರಿ 1ರಂದು ಜಾನ್ ರಾಕ್ ಅವರು ಸುಪ್ರೀಂ ಕೋರ್ಟಿನಲ್ಲಿ ವಾದಿಸುವ ಅರ್ಹತೆ ಪಡೆದ ಮೊದಲ ಕಪ್ಪು ವಕೀಲರಾದಾಗ, ಅವರ ಹೆಸರನ್ನು ಸೂಚಿಸಿದವರು ಸಮ್ನರ್.

ಅದೇ ಏಪ್ರಿಲ್ 14ರ ರಾತ್ರಿ ನಾಟಕ ಶಾಲೆಯಲ್ಲಿ ಲಿಂಕನ್ ಅವರಿಗೆ ಗುಂಡೇಟು ಬಿತ್ತು. ಕೋಲಿನ ಪೆಟ್ಟಿನಿಂದ ಬದುಕುಳಿದ ಸೆನೆಟರ್, ಗುಂಡೇಟಿಗೆ ಬಲಿಯಾಗುತ್ತಿದ್ದ ಅಧ್ಯಕ್ಷರ ಹಾಸಿಗೆಯ ಬಳಿ ಬೆಳಗಿನವರೆಗೂ ಕುಳಿತಿದ್ದರು.

ಯುದ್ಧ ಮುಗಿದರೂ ದ್ವೇಷ ಮುಗಿಯಲಿಲ್ಲ. ಮತದಾನಕ್ಕೆ ಹೊರಟ ಕಪ್ಪು ಜನರನ್ನು ಕು ಕ್ಲುಕ್ಸ್ ಕ್ಲಾನ್‌ನ ಮುಸುಕುಧಾರಿಗಳು ಥಳಿಸಿ ಕೊಲ್ಲುತ್ತಿದ್ದರು. 1870ರಲ್ಲಿ ಸಮ್ನರ್ ಅವರು ರೈಲು, ಹೋಟೆಲು, ನಾಟಕ ಶಾಲೆ, ಶಾಲೆಗಳಲ್ಲಿ ವರ್ಣಭೇದ ಕೂಡದೆಂಬ ಮಸೂದೆಯನ್ನು ಮಂಡಿಸಿದರು. ಅದು ಮತ್ತೆ ಮತ್ತೆ ಬಿದ್ದುಹೋದರೂ ಮತ್ತೆ ಮತ್ತೆ ತಂದರು.

ಅವರ ಸ್ವಭಾವದಲ್ಲಿ ಒರಟುತನವೂ ಇತ್ತು. ಹೊಂದಾಣಿಕೆ ಅವರಿಗೆ ಒಗ್ಗುತ್ತಿರಲಿಲ್ಲ. ಬಣ್ಣದ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸಕೂಡದೆಂಬ 15ನೇ ತಿದ್ದುಪಡಿಯೂ ಸಾಲದೆಂದು ಅವರು ಮತ ಚಲಾಯಿಸಲಿಲ್ಲ. 1866ರಲ್ಲಿ ಆದ ಮದುವೆ ಒಂದು ವರ್ಷವೂ ನೆಟ್ಟಗೆ ಬಾಳಲಿಲ್ಲ. ಅಧ್ಯಕ್ಷ ಗ್ರಾಂಟ್ ಅವರೊಡನೆ ಜಗಳವಾಗಿ 1871ರಲ್ಲಿ ಸಮಿತಿಯ ಅಧ್ಯಕ್ಷತೆಯನ್ನೂ ಕಳೆದುಕೊಂಡರು.

ಧ್ವಜದ ಮೇಲಿನ ಹೆಸರುಗಳು

ಇಂತಹ ಹಟವಾದಿ 1872ರ ಡಿಸೆಂಬರ್‌ನಲ್ಲಿ ಯಾರೂ ನಿರೀಕ್ಷಿಸದ ಮಸೂದೆಯೊಂದನ್ನು ತಂದರು. ತಮ್ಮ ನಾಡವರನ್ನೇ ಸೋಲಿಸಿದ ಕದನಗಳ ಹೆಸರುಗಳು ಸೇನೆಯ ಧ್ವಜಗಳ ಮೇಲೆ ಇರಬಾರದು ಎಂಬುದೇ ಆ ಮಸೂದೆ. ಅಣ್ಣತಮ್ಮಂದಿರ ಜಗಳದ ಗೆಲುವನ್ನು ಪೀಳಿಗೆಯಿಂದ ಪೀಳಿಗೆಗೆ ಮೆರೆಸಬಾರದೆಂಬುದು ಅವರ ಆಶಯ. ಹಿಂದೊಮ್ಮೆ ಅವರ ಖಾಲಿ ಕುರ್ಚಿಯನ್ನು ಕಾಪಾಡಿದ ಮ್ಯಾಸಚೂಸೆಟ್ಸ್ ಶಾಸನಸಭೆಯೇ, ಇದು ಮಡಿದ ಯೋಧರಿಗೆ ಅವಮಾನವೆಂದು ಅವರ ವಿರುದ್ಧ ಖಂಡನಾ ನಿರ್ಣಯ ಅಂಗೀಕರಿಸಿತು. ಶತ್ರುವಿನ ಕೋಲಿಗಿಂತ ಈ ಪೆಟ್ಟು ಅವರಿಗೆ ಹೆಚ್ಚು ನೋವು ತಂದಿತು.

1874ರಲ್ಲಿ ಶಾಸನಸಭೆ ಆ ಖಂಡನೆಯನ್ನು ಹಿಂತೆಗೆದುಕೊಂಡಿತು. ಮಾರ್ಚ್ 10ರಂದು ಅದನ್ನು ಸೆನೆಟ್ಟಿನಲ್ಲಿ ಓದಲಾಯಿತು. ಮರುದಿನ, ಮಾರ್ಚ್ 11ರಂದು, ಸಮ್ನರ್ ಅವರು ಹೃದಯಾಘಾತದಿಂದ ಕೊನೆಯುಸಿರೆಳೆದರು. ಮರಣಶಯ್ಯೆಯಲ್ಲೂ ತಮ್ಮ ನಾಗರಿಕ ಹಕ್ಕುಗಳ ಮಸೂದೆ ಸೋಲದಂತೆ ನೋಡಿಕೊಳ್ಳಿರೆಂದು ಬಂದ ಮಿತ್ರರಲ್ಲಿ ಕೇಳಿಕೊಂಡರು. ಸಂತಾಪ ಸೂಚಿಸಲು ಎದ್ದವರಲ್ಲಿ ಮಿಸಿಸಿಪ್ಪಿಯ ಲೂಶಿಯಸ್ ಲಮಾರ್ ಅವರೂ ಇದ್ದರು. ತಮ್ಮ ರಾಜ್ಯ ಒಕ್ಕೂಟದಿಂದ ಸಿಡಿದುಹೋಗುವ ನಿರ್ಣಯವನ್ನು ಬರೆದವರೇ ಅವರು. ಎರಡು ಭಾಗದವರೂ ಪರಸ್ಪರ ಅರಿತು ಬಾಳಬೇಕೆಂದು ಅವರು ಆಡಿದ ಮಾತಿಗೆ ಸಭೆಯಲ್ಲಿ ಅನೇಕರ ಕಣ್ಣು ತೇವವಾಯಿತು.

ಶಾಲೆಗಳ ವಿಷಯವನ್ನು ಕೈಬಿಟ್ಟು, 1875ರಲ್ಲಿ ಆ ಮಸೂದೆ ಕಾನೂನಾಯಿತು. 1883ರಲ್ಲಿ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗವನ್ನು ರದ್ದುಗೊಳಿಸಿತು. ಸಮ್ನರ್ ಅವರು ಕೇಳಿದ್ದನ್ನು ಅಮೆರಿಕ ಬಹುಮಟ್ಟಿಗೆ ಕೊಟ್ಟದ್ದು 1964ರಲ್ಲಿ. ಕಣ್ಣೀರು ಬೇಗ ಬಂದಿತು, ನ್ಯಾಯ ಬರಲು 90 ವರ್ಷ ಹಿಡಿಯಿತು.

ಇತ್ತೀಚಿನ ವರ್ಷಗಳಲ್ಲಿ ಆ ದೇಶದಲ್ಲಿ ಎರಡೂ ಪಕ್ಷಗಳವರು ಹಿಂಸೆಗೆ ಗುರಿಯಾಗಿದ್ದಾರೆ. 2011ರಲ್ಲಿ ಗೇಬ್ರಿಯಲ್ ಗಿಫರ್ಡ್ಸ್, 2017ರಲ್ಲಿ ಸ್ಟೀವ್ ಸ್ಕಲೀಸ್, 2024ರಲ್ಲಿ ಡೊನಾಲ್ಡ್ ಟ್ರಂಪ್ ಗುಂಡೇಟಿನಿಂದ ಬದುಕುಳಿದರು. 2025ರಲ್ಲಿ ಮಿನ್ನೆಸೋಟದ ಮೆಲಿಸ್ಸಾ ಹಾರ್ಟ್‌ಮನ್ ಹಾಗೂ ಯೂಟಾದಲ್ಲಿ ಚಾರ್ಲಿ ಕರ್ಕ್ ಹತರಾದರು. ಹೊಡೆಯುವ ಕೈ ಎಲ್ಲ ಕಾಲದಲ್ಲೂ ಒಂದೆರಡೇ. ಆ ಕೈಗೆ ಉಡುಗೊರೆ ಕಳುಹಿಸುವವರು ಎಷ್ಟು ಮಂದಿ ಎಂಬುದರ ಮೇಲೆ ನಾಡಿನ ಹಣೆಬರಹ ನಿಂತಿದೆ ಎಂಬುದನ್ನು 1856 ಕಲಿಸುತ್ತದೆ.

ವಾಷಿಂಗ್ಟನ್ನಿನ ಕಾಂಗ್ರೆಷನಲ್ ಸ್ಮಶಾನದಲ್ಲಿ ಬ್ರೂಕ್ಸ್ ಹೆಸರಿನ ಸ್ಮಾರಕಶಿಲೆಯೊಂದಿದೆ. ಸಮ್ನರ್ ಅವರು ಮಿತ್ರರೊಬ್ಬರೊಡನೆ ಅದರ ಮುಂದೆ ನಿಂತಾಗ, ಆ ಮನುಷ್ಯನ ಮೇಲೆ ತಮಗೆ ದ್ವೇಷವಿಲ್ಲ, ಹೊಡೆದದ್ದು ಅವನಲ್ಲ, ಗುಲಾಮಗಿರಿ ಎಂಬರ್ಥದ ಮಾತನ್ನಾಡಿದರೆಂದು ಆ ಮಿತ್ರರು ದಾಖಲಿಸಿದ್ದಾರೆ. ಹೊಡೆದವನ ಮೇಲಿನ ಹಗೆಯನ್ನು ಅವರು ಬಿಟ್ಟರು; ಹೊಡೆಸಿದ ಅನ್ಯಾಯದ ವಿರುದ್ಧದ ಹೋರಾಟವನ್ನು ಕೊನೆಯುಸಿರಿನವರೆಗೂ ಬಿಡಲಿಲ್ಲ.