ಗೆದ್ದು ಗೆದ್ದು ಸೋತ ಹ್ಯಾನಿಬಾಲ್



ಈ ಸಲದ ಜೀವನ ಚರಿತ್ರೆಗೆ ನಾನು ಹ್ಯಾನಿಬಾಲನನ್ನು ಆರಿಸಿಕೊಂಡಿದ್ದೇನೆ. ಆನೆಗಳನ್ನು ಹಿಮದ ಬೆಟ್ಟ ಹತ್ತಿಸಿದವನು ಅಂತ ಅವನ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಅಷ್ಟಕ್ಕೇ ಬಿಟ್ಟರೆ ಅವನಿಗೆ ಅನ್ಯಾಯ ಮಾಡಿದ ಹಾಗೆ. ಅವನು ಬೆಟ್ಟ ಹತ್ತಿದ್ದು ಶೋಕಿಗಲ್ಲ. ಸಮುದ್ರದ ದಾರಿ ಮುಚ್ಚಿಹೋಗಿತ್ತು, ಅದಕ್ಕೇ ಹತ್ತಿದ. ಆ ದಾರಿ ಮುಚ್ಚಿದ್ದು ಅವನು ಇನ್ನೂ ಚಿಕ್ಕ ಮಗುವಾಗಿದ್ದಾಗ. ಆದ್ದರಿಂದ ಕಥೆಯನ್ನು ಸ್ವಲ್ಪ ಹಿಂದಿನಿಂದ ಶುರು ಮಾಡ್ತೀನಿ. ಪಕ್ಕದಲ್ಲಿ ನಕ್ಷೆ ಬರೆದು ಅಂಟಿಸಿದ್ದೇನೆ. ಕೆಂಪು ಗೆರೆ ಅವನು ಹೋದ ದಾರಿ.

ಆಫ್ರಿಕಾದ ಉತ್ತರ ದಡದಲ್ಲಿ, ಈಗಿನ ಟ್ಯುನೀಷಿಯಾ ದೇಶದ ಟ್ಯೂನಿಸ್ ನಗರದ ಪಕ್ಕ, ಕಾರ್ತೇಜ್ ಅಂತ ಒಂದು ದೊಡ್ಡ ಪಟ್ಟಣ ಇತ್ತು. ಈಗಿನ ಲೆಬನಾನ್ ದೇಶದ ಟೈರ್ ಊರಿನಿಂದ ಬಂದ ಫಿನೀಷಿಯನ್ ವ್ಯಾಪಾರಿಗಳು ಅದನ್ನು ಕಟ್ಟಿದವರು. ಹಡಗು ನಡೆಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಎದುರು ದಡದ ಇಟಲಿಯಲ್ಲಿ ರೋಮ್ ಇತ್ತು. ರೋಮನರು ರೈತರು, ನೆಲದ ಮೇಲಿನ ಯುದ್ಧದಲ್ಲಿ ಗಟ್ಟಿಗರು. ಇಬ್ಬರ ನಡುವೆ ಸಿಸಿಲಿ ದ್ವೀಪ, ಎರಡು ಹೊಲದ ನಡುವಿನ ಬದು ಇದ್ದ ಹಾಗೆ. ಬದುವಿನ ಜಗಳ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ರಿ.ಪೂ. 264ರಲ್ಲಿ ಶುರುವಾದ ಮೊದಲ ಯುದ್ಧವೇ 23 ವರ್ಷ ನಡೆಯಿತು. ಇವುಗಳಿಗೆ ಪ್ಯೂನಿಕ್ ಯುದ್ಧಗಳು ಅಂತ ಹೆಸರು. ಒಟ್ಟು ಮೂರು ಯುದ್ಧಗಳು.

ರೋಮನರ ಹತ್ತಿರ ಹೇಳಿಕೊಳ್ಳುವಂಥ ಯುದ್ಧದ ಹಡಗುಗಳೇ ಇರಲಿಲ್ಲ. ಪೊಲಿಬಿಯಸ್ ಎಂಬ ಗ್ರೀಕ್ ಇತಿಹಾಸಕಾರ ಬರೆದಿರುವ ಪ್ರಕಾರ, ದಡಕ್ಕೆ ಬಂದು ಸಿಕ್ಕಿಹಾಕಿಕೊಂಡ ಕಾರ್ತೇಜಿನ ಒಂದು ಹಡಗನ್ನು ಹಿಡಿದು, ಅದನ್ನೇ ಮಾದರಿ ಇಟ್ಟುಕೊಂಡು 100 ದೊಡ್ಡ ಹಡಗು, 20 ಚಿಕ್ಕ ಹಡಗು ಕಟ್ಟಿದರು. ಹಡಗು ತಯಾರಾಗುವಷ್ಟರಲ್ಲಿ ಹುಟ್ಟು ಹಾಕುವವರನ್ನು ನೆಲದ ಮೇಲೆ ಬೆಂಚು ಹಾಕಿ ಕೂರಿಸಿ ತಾಲೀಮು ಕೊಟ್ಟರಂತೆ. ಬಾವಿಗೆ ಇಳಿಸದೆ ಈಜು ಕಲಿಸಿದ ಹಾಗೆ! ನಗು ಬರುತ್ತೆ, ಆದರೆ ಅವರು ಕಲಿತರು. ಹಡಗಿನ ಮೂತಿಗೆ ಒಂದು ಮರದ ಸೇತುವೆ, ಅದರ ತುದಿಗೆ ಕಬ್ಬಿಣದ ಮೊಳೆ ಇಟ್ಟರು. ಅದನ್ನು ಶತ್ರು ಹಡಗಿನ ಮೇಲೆ ಬೀಳಿಸಿದರೆ ಕಚ್ಚಿಕೊಂಡುಬಿಡುತ್ತಿತ್ತು. ಸಿಪಾಯಿಗಳು ಅದರ ಮೇಲೆ ಓಡಿಹೋಗಿ ನೆಲದ ಮೇಲಿನ ಹಾಗೇ ಕತ್ತಿ ಬೀಸುತ್ತಿದ್ದರು. ಆಮೇಲೆ ಬಿರುಗಾಳಿಗೆ ನೂರಾರು ಹಡಗು ಮುಳುಗಿದವು, ಮತ್ತೆ ಕಟ್ಟಿದರು. ಖಜಾನೆ ಬರಿದಾದಾಗ ಊರಿನ ಶ್ರೀಮಂತರೇ ಹಣ ಹಾಕಿ 200 ಹಡಗು ಮಾಡಿಸಿದರು. ಕ್ರಿ.ಪೂ. 241ರಲ್ಲಿ ಸಿಸಿಲಿಯ ಪಶ್ಚಿಮಕ್ಕಿರುವ ಈಗೇಟ್ಸ್ ದ್ವೀಪಗಳ ಹತ್ತಿರ ಕಾರ್ತೇಜಿನ ನೌಕಾಪಡೆ ಸೋತಿತು. ಹಡಗಿನ ಮೂತಿಗೆ ಕೂರಿಸುತ್ತಿದ್ದ ಕಂಚಿನ ಕೊಂಬುಗಳನ್ನು ಆ ಜಾಗದ ಸಮುದ್ರದ ತಳದಿಂದ ಸಂಶೋಧಕರು ಈ ಶತಮಾನದಲ್ಲಿ ಎತ್ತಿದ್ದಾರೆ, 20ಕ್ಕೂ ಹೆಚ್ಚು ಸಿಕ್ಕಿವೆ.

ಕಾರ್ತೇಜ್ ಸಿಸಿಲಿಯನ್ನು ಬಿಟ್ಟುಕೊಟ್ಟಿತು. 3,200 ಟ್ಯಾಲೆಂಟ್ ಬೆಳ್ಳಿ ದಂಡ ಕಟ್ಟಲು ಒಪ್ಪಿಕೊಂಡಿತು. ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ, ನೀವೇ ಗುಣಿಸಿ ನೋಡಿ. ಸ್ವಲ್ಪ ದಿನಕ್ಕೇ ರೋಮ್ ಸಾರ್ಡೀನಿಯಾ ದ್ವೀಪವನ್ನೂ ಕಿತ್ತುಕೊಂಡು, ಮೇಲೆ ಇನ್ನೂ 1,200 ಟ್ಯಾಲೆಂಟ್ ಕೇಳಿತು. ಇದು ನನ್ನ ದೃಷ್ಟಿಯಲ್ಲಿ ಶುದ್ಧ ದರೋಡೆ. ಪೊಲಿಬಿಯಸ್ ರೋಮನರನ್ನು ಬಹಳ ಮೆಚ್ಚಿದವನು, ಅವನೂ ಇದನ್ನು ಸಮರ್ಥಿಸಿಲ್ಲ.

ಈ ಯುದ್ಧದಲ್ಲಿ ಸಿಸಿಲಿಯ ಬೆಟ್ಟಗಳಲ್ಲಿ ಕೊನೆಯವರೆಗೂ ಸೋಲದೆ ನಿಂತ ಸೇನಾಪತಿ ಹ್ಯಾಮಿಲ್ಕಾರ್ ಬಾರ್ಕಾ. ಅವನ ಮಗನೇ ಹ್ಯಾನಿಬಾಲ್. ಹುಟ್ಟಿದ್ದು ಕ್ರಿ.ಪೂ. 247. ಕಳೆದುಕೊಂಡಿದ್ದನ್ನು ತುಂಬಿಕೊಳ್ಳಲು ತಂದೆ ಸ್ಪೇನ್ ದೇಶಕ್ಕೆ ಹೊರಟ. ಅಲ್ಲಿ ಬೆಳ್ಳಿಯ ಗಣಿಗಳಿದ್ದವು. 9 ವರ್ಷದ ಹುಡುಗ ತಾನೂ ಬರ್ತೀನಿ ಅಂತ ಹಟ ಹಿಡಿದ. ತಂದೆ ಅವನನ್ನು ದೇವರ ಪೀಠದ ಹತ್ತಿರ ಕರೆದುಕೊಂಡು ಹೋಗಿ, ರೋಮ್‌ಗೆ ಎಂದೂ ಮಿತ್ರನಾಗುವುದಿಲ್ಲ ಅಂತ ಆಣೆ ಮಾಡಿಸಿದ. ಮುಪ್ಪಿನಲ್ಲಿ ಹ್ಯಾನಿಬಾಲನೇ ಒಬ್ಬ ರಾಜನಿಗೆ ಇದನ್ನು ಹೇಳಿದನಂತೆ. ಸ್ಪೇನಿನಲ್ಲಿ ತಂದೆ ಸತ್ತ, ಆಮೇಲೆ ಭಾವ ಕೊಲೆಯಾದ. ಕ್ರಿ.ಪೂ. 221ರಲ್ಲಿ 26ರ ಹ್ಯಾನಿಬಾಲ್ ಸೇನಾಪತಿಯಾದ. ಎರಡು ವರ್ಷಕ್ಕೆ, ರೋಮ್ ಸ್ನೇಹ ಬೆಳೆಸಿದ್ದ ಸಗುಂಟಮ್ ಪಟ್ಟಣವನ್ನು 8 ತಿಂಗಳು ಮುತ್ತಿ ಹಿಡಿದ. ಎರಡನೇ ಯುದ್ಧ ಶುರುವಾಯಿತು.

ರೋಮ್ ಆಗ 220 ದೊಡ್ಡ ಹಡಗು ಹೂಡಿತ್ತು. ಸ್ಪೇನಿನಲ್ಲಿ ಇವನ ಕಡೆ ಇದ್ದದ್ದು ಸುಮಾರು 50. ಅವುಗಳಲ್ಲೂ ಕೆಲವಕ್ಕೆ ಹುಟ್ಟು ಹಾಕುವ ಆಳುಗಳೇ ಇರಲಿಲ್ಲ. ಅದಕ್ಕೇ ಅವನು ನೆಲದ ಮೇಲೆ ಸುತ್ತಿಕೊಂಡು ಹೋಗಿ ಇಟಲಿಯೊಳಗೆ ಇಳಿಯುವುದು ಅಂತ ತೀರ್ಮಾನಿಸಿದ. ಕ್ರಿ.ಪೂ. 218ರಲ್ಲಿ ಹೊರಟ. ರೋನ್ ನದಿ ಹತ್ತಿರ ಬಂದಾಗ 38,000 ಕಾಲಾಳು, 8,000 ಕುದುರೆ, 37 ಆನೆ ಇದ್ದವು. ಆನೆಗಳು ನೀರಿಗೆ ಹೆದರಿದವು. ತೆಪ್ಪಗಳ ಮೇಲೆ ಮಣ್ಣು ಹರಡಿ ನೆಲದ ಹಾಗೆ ಮಾಡಿ, ಮುಂದೆ ಎರಡು ಹೆಣ್ಣಾನೆ ಬಿಟ್ಟು ಉಳಿದವನ್ನು ಹತ್ತಿಸಿದರು. ನಡುನೀರಿನಲ್ಲಿ ಕೆಲವು ಗಾಬರಿಯಾಗಿ ಬಿದ್ದವು. ಮಾವುತರು ಸತ್ತರು, ಆನೆಗಳು ಸೊಂಡಿಲು ಮೇಲೆತ್ತಿಕೊಂಡು ದಡ ಸೇರಿದವು. ಈ ಮಾವುತರನ್ನು ಪೊಲಿಬಿಯಸ್ ಇಂಡಿಯನ್ನರು ಅಂತ ಕರೆದಿದ್ದಾನೆ. ನಮ್ಮವರೇ ಅಲ್ಲಿಗೆ ಹೋಗಿದ್ದರು ಅಂತ ಕುಣಿಯಬೇಡಿ. ಆನೆ ಪಳಗಿಸುವ ವಿದ್ಯೆ ಗ್ರೀಕರಿಗೆ ನಮ್ಮ ದೇಶದಿಂದ ತಿಳಿದದ್ದರಿಂದ, ಯಾವ ದೇಶದ ಮಾವುತನಿಗೂ ಅದೇ ಹೆಸರು ನಿಂತಿತ್ತು.

ಆಲ್ಪ್ಸ್ ದಾಟಲು 15 ದಿನ ಹಿಡಿಯಿತು. ಮೇಲಿನಿಂದ ಗುಡ್ಡಗಾಡಿನವರು ಬಂಡೆ ಉರುಳಿಸುತ್ತಿದ್ದರು, ಕೆಳಗೆ ಹಿಮ ಜಾರುತ್ತಿತ್ತು. ಒಂದು ಕಡೆ ದಾರಿಯೇ ಕುಸಿದಿತ್ತು. ಆನೆ ಹೋಗುವಷ್ಟು ಅಗಲ ಮಾಡುವುದಕ್ಕೆ ಮೂರು ದಿನ ಬೇಕಾಯಿತು. ಇಳಿದ ಮೇಲೆ ಎಣಿಸಿದರೆ 20,000 ಕಾಲಾಳು, 6,000 ಕುದುರೆ. ಈ ಲೆಕ್ಕವನ್ನು ಹ್ಯಾನಿಬಾಲನೇ ಒಂದು ದೇವಸ್ಥಾನದಲ್ಲಿ ಕಂಚಿನ ಫಲಕದಲ್ಲಿ ಕೆತ್ತಿಸಿದ್ದ, ಪೊಲಿಬಿಯಸ್ ಅದನ್ನು ಕಣ್ಣಾರೆ ನೋಡಿದ್ದ. ಯುದ್ಧ ಶುರುವಾಗುವ ಮೊದಲೇ ಸೈನ್ಯ ಅರ್ಧಕ್ಕೆ ಬಂದಿತ್ತು. ಇದು ಸಮುದ್ರ ಕಳೆದುಕೊಂಡಿದ್ದಕ್ಕೆ ಕೊಟ್ಟ ಬೆಲೆ.

ಅಂಥ ಸೈನ್ಯ ಇಟ್ಟುಕೊಂಡೇ ಅವನು ಟ್ರೆಬಿಯಾ ನದಿಯ ಹತ್ತಿರ ಗೆದ್ದ. ಆಮೇಲೆ ಜೌಗಿನಲ್ಲಿ ನಾಲ್ಕು ದಿನ ನಡೆದು, ಕಣ್ಣು ಬೇನೆಗೆ ಔಷಧಿ ಮಾಡಿಕೊಳ್ಳಲು ಪುರುಸೊತ್ತಿಲ್ಲದೆ ಒಂದು ಕಣ್ಣು ಕಳೆದುಕೊಂಡ. ಆ ಹೊತ್ತಿಗೆ ಉಳಿದಿದ್ದ ಒಂದೇ ಆನೆಯ ಮೇಲೆ ಕೂತಿದ್ದನಂತೆ. ಟ್ರಾಸಿಮೀನ್ ಸರೋವರದ ದಡದಲ್ಲಿ ಮಂಜಿನೊಳಗೆ ಅಡಗಿ ಕೂತು ಸುಮಾರು 15,000 ರೋಮನರನ್ನು ಕೊಂದ. ಫೇಬಿಯಸ್ ಎಂಬ ರೋಮನ್ ಹಿರಿಯ ಕಾದಾಡದೆ ಹಿಂದೆ ಹಿಂದೆ ಅಲೆದು, ಒಂದು ಕಣಿವೆಯಲ್ಲಿ ಇವನನ್ನು ಸಿಕ್ಕಿಸಿಹಾಕಿದ. ಆಗ ಹ್ಯಾನಿಬಾಲ್ 2,000 ಎತ್ತುಗಳ ಕೊಂಬಿಗೆ ಒಣ ಪುಳ್ಳೆ ಕಟ್ಟಿಸಿ, ರಾತ್ರಿ ಬೆಂಕಿ ಹಚ್ಚಿಸಿ ಗುಡ್ಡದ ಮೇಲೆ ಓಡಿಸಿದ. ದೊಡ್ಡ ಸೈನ್ಯ ಪಂಜು ಹಿಡಿದು ಹೊರಟಿದೆ ಅಂತ ಕಾವಲಿನವರು ಅತ್ತ ಓಡಿದರು, ಇವನು ಇತ್ತ ಪಾರಾದ. ಜಾಣತನ ಅಂತ ಎಲ್ಲರೂ ಹೊಗಳ್ತಾರೆ. ಆ ಎತ್ತುಗಳ ಬಗ್ಗೆ ಯಾರೂ ಮರುಗಿಲ್ಲ.

ಕ್ರಿ.ಪೂ. 216ರ ಆಗಸ್ಟ್ 2, ಕ್ಯಾನೆ ಎಂಬ ಊರು. ರೋಮ್ ಕಡೆ 80,000 ಕಾಲಾಳು, ಇವನ ಕಡೆ 40,000. ಹ್ಯಾನಿಬಾಲ್ ತನ್ನ ಸಾಲಿನ ನಡುಭಾಗವನ್ನು ಬಿಲ್ಲಿನ ಹಾಗೆ ಮುಂದಕ್ಕೆ ಉಬ್ಬಿಸಿ ನಿಲ್ಲಿಸಿದ. ರೋಮನರು ತಳ್ಳಿದ ಹಾಗೆಲ್ಲ ಅದು ನಿಧಾನಕ್ಕೆ ಹಿಂದೆ ಸರಿಯಿತು. ಅವರು ಖುಷಿಯಿಂದ ಒಳಗೆ ನುಗ್ಗಿದರು. ಎರಡೂ ಪಕ್ಕಕ್ಕೆ ಆಫ್ರಿಕಾದ ಗಟ್ಟಿ ಪಡೆ ತಿರುಗಿತು, ಹಿಂದಿನಿಂದ ಕುದುರೆ ಪಡೆ ಬಂತು. ಚೀಲದ ಬಾಯಿ ಕಟ್ಟಿದ ಹಾಗಾಯಿತು. ಸತ್ತ ರೋಮನರು ಲಿವಿ ಎಂಬ ಇತಿಹಾಸಕಾರನ ಲೆಕ್ಕದಲ್ಲಿ 48,000, ಪೊಲಿಬಿಯಸ್ ಲೆಕ್ಕದಲ್ಲಿ 70,000. ಒಂದೇ ದಿನದಲ್ಲಿ.

ಆ ಕೂಡಲೇ ರೋಮ್ ಮೇಲೆ ಯಾಕೆ ಹೋಗಲಿಲ್ಲ? ನಮ್ಮ ತರಗತಿಯಲ್ಲಿ ಇದಕ್ಕೆ ಎರಡು ಪಕ್ಷವಾಗಿ ಮಧ್ಯಾಹ್ನದ ಊಟದ ಬಿಡುವೆಲ್ಲ ಜಗಳವಾಯಿತು. ಅವನ ಕುದುರೆ ಪಡೆಯ ನಾಯಕನೂ ಹೋಗೋಣ ಅಂದಿದ್ದ ಅಂತ ಲಿವಿ ಬರೆದಿದ್ದಾನೆ. ನನಗೆ ಮಾತ್ರ ಹೋಗದೇ ಇದ್ದದ್ದೇ ಸರಿ ಅನ್ನಿಸುತ್ತೆ. ದಾರಿ ನೂರಾರು ಮೈಲಿ. ಊರಿಗೆ ಕಲ್ಲಿನ ಕೋಟೆ. ಗೋಡೆ ಒಡೆಯುವ ಯಂತ್ರಗಳಿಲ್ಲ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೆ ಅನ್ನ ಎಲ್ಲಿಂದ ಬರಬೇಕು? ಬಂದರು ಬೇಕು, ಹಡಗು ಬೇಕು. ಕ್ಯಾನೆಯಲ್ಲಿ ಸತ್ತವರ ಚಿನ್ನದ ಉಂಗುರಗಳನ್ನು ಹ್ಯಾನಿಬಾಲನ ತಮ್ಮ ಮ್ಯಾಗೋ ಕಾರ್ತೇಜಿನ ಸಭೆಯಲ್ಲಿ ಸುರಿದಾಗ, ಹ್ಯಾನೋ ಎಂಬ ಮುದುಕ ಎದ್ದು, ರೋಮ್ ಸುತ್ತಲಿನ ಲ್ಯಾಟಿನ್ ಊರುಗಳಲ್ಲಿ ಒಂದಾದರೂ ನಮ್ಮ ಕಡೆ ಬಂದಿದೆಯೇ, ರೋಮನರು ಸಂಧಿಗೆ ಆಳು ಕಳಿಸಿದ್ದಾರೆಯೇ ಅಂತ ಕೇಳಿದನಂತೆ. ಎರಡಕ್ಕೂ ಉತ್ತರ ಇಲ್ಲ ಅಂತಲೇ. ರೋಮ್ 8,000 ಗುಲಾಮರನ್ನು ಕೊಂಡು ಆಯುಧ ಕೊಟ್ಟಿತು. 17 ವರ್ಷದ ಹುಡುಗರನ್ನೂ ದಂಡಿಗೆ ಸೇರಿಸಿತು, ಅಂದರೆ ನಮ್ಮ ಅಣ್ಣಂದಿರನ್ನು. ದಕ್ಷಿಣದ ಕ್ಯಾಪುವಾದಂಥ ಕೆಲವು ಊರು ಹ್ಯಾನಿಬಾಲನ ಕಡೆ ಬಂದವು, ಒಂದೊಂದಾಗಿ ರೋಮ್ ಅವನ್ನು ಕಿತ್ತುಕೊಂಡಿತು. ಕಾರ್ತೇಜಿನಿಂದ ಸಮುದ್ರದ ಮೇಲೆ ಅವನಿಗೆ ಹೇಳಿಕೊಳ್ಳುವಂಥ ಸಹಾಯ ಮುಟ್ಟಿದ್ದು ಒಂದೇ ಸಲ, ಕ್ರಿ.ಪೂ. 215ರಲ್ಲಿ. ಅವನು ಇಟಲಿಯಲ್ಲಿ ಇದ್ದದ್ದು 15 ವರ್ಷ!

ಕ್ರಿ.ಪೂ. 207ರಲ್ಲಿ ಇನ್ನೊಬ್ಬ ತಮ್ಮ ಹ್ಯಾಸ್ಡ್ರೂಬಾಲ್ ಅದೇ ಬೆಟ್ಟ ದಾಟಿ ಸಹಾಯಕ್ಕೆ ಬಂದ. ಬಂದ ಸುದ್ದಿ ಅಣ್ಣನಿಗೆ ಮುಟ್ಟಲಿಲ್ಲ. ತಮ್ಮನ ತಲೆಯನ್ನು ರೋಮನರು ತಂದು ಅಣ್ಣನ ಪಾಳೆಯದ ಮುಂದೆ ಎಸೆದರು, ಹಾಗೆ ಗೊತ್ತಾಯಿತು. ಅಷ್ಟರಲ್ಲಿ ಸಿಪಿಯೋ ಎಂಬ ರೋಮನ್ ತರುಣ ಸ್ಪೇನನ್ನು ಹಿಡಿದು, ಹಡಗಿನಲ್ಲಿ ನೇರ ಆಫ್ರಿಕಾಕ್ಕೇ ಹೋಗಿ ಇಳಿದ. ಸಮುದ್ರ ಕೈಯಲ್ಲಿದ್ದವನಿಗೆ ಎಷ್ಟು ಸುಲಭ ನೋಡಿ. ಕಾರ್ತೇಜ್ ಹೆದರಿ ಹ್ಯಾನಿಬಾಲನನ್ನು ವಾಪಸ್ಸು ಕರೆಸಿತು. ಕ್ರಿ.ಪೂ. 202ರಲ್ಲಿ ಜಾಮಾ ಎಂಬಲ್ಲಿ ಅವನು ಸೋತ. 80 ಆನೆಗಳಿದ್ದವು. ಸಿಪಿಯೋ ತನ್ನ ಸಾಲುಗಳ ನಡುವೆ ಓಣಿ ಬಿಟ್ಟಿದ್ದರಿಂದ ಅವು ಸುಮ್ಮನೆ ಹಾದುಹೋದವು. ದಂಡ ಈ ಸಲ 10,000 ಟ್ಯಾಲೆಂಟ್, 50 ವರ್ಷದ ಕಂತು. ಹತ್ತು ಹಡಗು ಮಾತ್ರ ಇಟ್ಟುಕೊಂಡು ಉಳಿದ ಯುದ್ಧದ ಹಡಗೆಲ್ಲ ಒಪ್ಪಿಸಬೇಕು. ಅವನ್ನು ಪಟ್ಟಣದವರ ಕಣ್ಣೆದುರೇ ಸುಟ್ಟರು.

ಸೋತ ಮೇಲೆ ಅವನು ಮಾಡಿದ ಕೆಲಸವೇ ನನಗೆ ಹೆಚ್ಚು ಇಷ್ಟ. ಕ್ರಿ.ಪೂ. 196ರಲ್ಲಿ ಅವನು ಕಾರ್ತೇಜಿನ ದೊಡ್ಡ ಅಧಿಕಾರಿಯಾಗಿ ಆರಿಸಿ ಬಂದ. ಅಲ್ಲಿನ ನ್ಯಾಯಾಧೀಶರು ಸಾಯುವ ತನಕ ಕುರ್ಚಿ ಬಿಡುತ್ತಿರಲಿಲ್ಲ. ಪ್ರತಿ ವರ್ಷ ಚುನಾವಣೆ ಅಂತ ಕಾನೂನು ತಂದ. ಆಮೇಲೆ ಲೆಕ್ಕದ ಪುಸ್ತಕ ತೆಗೆಸಿದ. ನೆಲದ ಸುಂಕ, ಬಂದರಿನ ಸುಂಕ ಎಷ್ಟು ಬಂತು, ಎಷ್ಟು ಯಾರ ಮನೆಗೆ ಹೋಯಿತು ಅಂತ ನೋಡಿ, ತಿಂದಿದ್ದನ್ನು ಕಕ್ಕಿಸಿದರೆ ಜನರ ಮೇಲೆ ತೆರಿಗೆ ಹಾಕದೆಯೇ ರೋಮ್‌ನ ದಂಡ ಕಟ್ಟಬಹುದು ಅಂತ ತೋರಿಸಿಕೊಟ್ಟ. ತಿಂದವರು ಸುಮ್ಮನಿರ್ತಾರಾ? ಹೊರಗಿನ ರಾಜನ ಜೊತೆ ಸೇರಿ ಸಂಚು ಮಾಡ್ತಿದ್ದಾನೆ ಅಂತ ರೋಮ್‌ಗೆ ಚಾಡಿ ಹೇಳಿಕಳಿಸಿದರು. ಅವನನ್ನು ಸೋಲಿಸಿದ ಸಿಪಿಯೋನೇ ಈ ಚಾಡಿಗೆ ಕಿವಿಗೊಡಬಾರದು ಅಂತ ಹೇಳಿದ, ಯಾರೂ ಕೇಳಲಿಲ್ಲ. ಕ್ರಿ.ಪೂ. 195ರಲ್ಲಿ ಹ್ಯಾನಿಬಾಲ್ ರಾತ್ರೋರಾತ್ರಿ ಊರು ಬಿಟ್ಟ. ಮತ್ತೆ ಊರು ಕಾಣಲಿಲ್ಲ.

ಉಳಿದದ್ದು ಅಲೆದಾಟ. ಸಿರಿಯಾದ ಆಂಟಿಯೋಕಸ್ ರಾಜನ ಹತ್ತಿರ ಸ್ವಲ್ಪ ಕಾಲ ಇದ್ದ. ಕೊನೆಗೆ ಈಗಿನ ಟರ್ಕಿಯಲ್ಲಿದ್ದ ಬಿಥಿನಿಯಾದ ರಾಜನಲ್ಲಿ ಆಶ್ರಯ ಪಡೆದ. ಅಲ್ಲಿ ಮಡಕೆಯಲ್ಲಿ ಹಾವು ತುಂಬಿ ಶತ್ರು ಹಡಗಿಗೆ ಎಸೆಸಿದ ಅಂತ ಒಂದು ಕಥೆ ಇದೆ. ಕ್ರಿ.ಪೂ. 183ರ ಹೊತ್ತಿಗೆ ರೋಮನರು ಅಲ್ಲಿಗೂ ಹುಡುಕಿಕೊಂಡು ಬಂದರು. ಮನೆಯ ಎಲ್ಲ ಬಾಗಿಲಲ್ಲೂ ಕಾವಲು ನಿಂತದ್ದು ಕಂಡು ವಿಷ ಕುಡಿದ. ವಯಸ್ಸು ಸುಮಾರು 64. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಸಿಪಿಯೋನೂ ರೋಮ್ ಬಿಟ್ಟು ದೂರದ ಹಳ್ಳಿಮನೆಯಲ್ಲಿ ಬೇಸರದಲ್ಲೇ ಸತ್ತ.

ಮೂರನೇ ಯುದ್ಧ ಕ್ರಿ.ಪೂ. 149ರಿಂದ 146ರವರೆಗೆ. ರೋಮ್ ಕಾರ್ತೇಜನ್ನು ಸುಟ್ಟು ನೆಲಸಮ ಮಾಡಿ, ಉಳಿದ ಜನರನ್ನು ಗುಲಾಮರನ್ನಾಗಿ ಮಾರಿತು. ನೆಲಕ್ಕೆ ಉಪ್ಪು ಬಿತ್ತಿದರು ಅಂತ ಕೆಲವರು ಹೇಳ್ತಾರೆ, ಹಳೆಯ ಗ್ರಂಥಗಳಲ್ಲಿ ಅದು ಇಲ್ಲ. ಹ್ಯಾನಿಬಾಲನ ಬಗ್ಗೆ ಅವನ ಊರಿನವರು ಬರೆದ ಒಂದು ಪುಸ್ತಕವೂ ಉಳಿದಿಲ್ಲ. ನಾನು ಇಲ್ಲಿ ಬರೆದದ್ದೆಲ್ಲ ರೋಮನರೂ ಗ್ರೀಕರೂ ಬರೆದಿಟ್ಟದ್ದು. ಕಾರ್ತೇಜಿನ ಗ್ರಂಥಗಳನ್ನು ರೋಮ್ ಅಕ್ಕಪಕ್ಕದ ರಾಜರಿಗೆ ಹಂಚಿಬಿಟ್ಟಿತು. ಒಂದನ್ನು ಮಾತ್ರ ಸರ್ಕಾರಿ ಹುಕುಂ ಮಾಡಿ ತಮ್ಮ ಭಾಷೆಗೆ ಅನುವಾದ ಮಾಡಿಸಿಕೊಂಡರು. ಅದು ಮ್ಯಾಗೋ ಎಂಬ ಬೇರೊಬ್ಬ ಬರೆದ ಬೇಸಾಯದ ಪುಸ್ತಕ, 28 ಭಾಗ. ಎತ್ತು ಕೊಳ್ಳುವಾಗ ಏನೇನು ನೋಡಬೇಕು ಅನ್ನೋದೂ ಅದರಲ್ಲಿತ್ತು.