ಚಿತ್ರದಿಂದ ಓದು ಕಲಿಸಿದ ಕೊಮೇನಿಯಸ್

ಯಾನ್ ಆಮೋಸ್ ಕೊಮೇನಿಯಸನು 1592ನೆಯ ಇಸವಿಯಲ್ಲಿ ಯೂರೋಪು ಖಂಡದ ಮೊರೇವಿಯಾ ಪ್ರಾಂತದಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡನು. ಅಂದಿನ ಲ್ಯಾಟಿನ್ ಶಾಲೆಗಳಲ್ಲಿ ಮಕ್ಕಳು ಅರ್ಥವರಿಯದ ಪದಗಳನ್ನು ಬೆತ್ತದ ಭಯಕ್ಕೆ ಉರುಹೊಡೆಯುತ್ತಿದ್ದರು. ಆ ಸಂಕಟವನ್ನು ತಾನೂ ಉಂಡಿದ್ದ ಆತನು ಅದನ್ನು ಮರೆಯಲಿಲ್ಲ.

ಸಹೋದರರ ಸಭೆಯ ಬೋಧಕನಾಗಿದ್ದು ಮುಂದೆ ಬಿಷಪನಾದ ಈತನ ಪಾಲಿಗೆ ಬಂದುದು ಯುದ್ಧಕಾಲ. 1622ರಲ್ಲಿ ಮಡದಿಮಕ್ಕಳು ಪಿಡುಗಿಗೆ ತುತ್ತಾದರು. 1628ರಲ್ಲಿ ಮತದ ನಿಮಿತ್ತ ಸ್ವದೇಶವನ್ನೇ ತೊರೆಯಬೇಕಾಯಿತು. 1656ರಲ್ಲಿ ಪೋಲೆಂಡಿನ ಲೆಷ್ನೋ ಪಟ್ಟಣವು ಉರಿದುಹೋದಾಗ, ನಾಲ್ವತ್ತಕ್ಕೂ ಹೆಚ್ಚು ವರ್ಷ ಶ್ರಮಿಸಿ ಕೂಡಿಸಿದ್ದ ತಾಯ್ನುಡಿಯ ನಿಘಂಟು ಬೂದಿಯಾಯಿತು.

ಎರಡೇ ವರ್ಷಗಳ ತರುವಾಯ, 1658ರಲ್ಲಿ, ನ್ಯೂರೆಂಬರ್ಗಿನಲ್ಲಿ ಆತನ ಚಿತ್ರಮಯ ಪ್ರಪಂಚವೆಂಬ ಬಾಲಪುಸ್ತಕವು ಅಚ್ಚಾಯಿತು. ಅದರಲ್ಲಿ 150 ಪಾಠಗಳು. ಮರದಚ್ಚಿನ ಚಿತ್ರಗಳು ಇಂದಿನವರ ಕಣ್ಣಿಗೆ ಒರಟೇ ಸರಿ. ಯುಕ್ತಿಯಾದರೋ ಬಹು ಸೊಗಸಾದುದು. ಚಿತ್ರದೊಳಗಿನ ಒಂದೊಂದು ವಸ್ತುವಿಗೂ ಒಂದು ಅಂಕಿ. ಪಾಠದಲ್ಲಿ ಅದರ ಹೆಸರಿನ ಬಳಿ ಅದೇ ಅಂಕಿ. ಮಗುವು ಪದವನ್ನು ಓದಿ, ಚಿತ್ರದಲ್ಲಿ ಬೆರಳಿಟ್ಟು ವಸ್ತುವನ್ನು ಕಂಡುಕೊಳ್ಳುವುದು. ಲ್ಯಾಟಿನ್ನಿನ ಪಕ್ಕದಲ್ಲಿಯೇ ಮಕ್ಕಳ ಮನೆಮಾತಾದ ಜರ್ಮನ್ ಭಾಷೆಯೂ ಇದ್ದಿತು. ಅಕ್ಷರಗಳನ್ನು ಕಲಿಸುವುದಕ್ಕೆ ಕಾಗೆಯ ಕೂಗು, ಕುರಿಮರಿಯ ಅರಚು! ಶಾಲೆಗೆ ಸೇರುವ ಮೊದಲೇ ಮನೆಯಲ್ಲಿ ಮಗುವಿನ ಕೈಗೆ ಈ ಪುಸ್ತಕವನ್ನು ಕೊಟ್ಟು, ಕಂಡುದನ್ನು ಹೆಸರಿಸುವಂತೆ ಕೇಳಬೇಕು, ಇಷ್ಟಪಟ್ಟರೆ ನೋಡಿ ಬರೆಯಗೊಡಬೇಕು ಎಂಬುದು ಆತನ ಅಪೇಕ್ಷೆ. ಪುಸ್ತಕ ಹರಿದೀತೆಂದು ಪೆಟ್ಟಿಗೆಯಲ್ಲಿಡುವ ತಾಯಂದಿರು ಇದನ್ನು ಗಮನಿಸತಕ್ಕದ್ದು. ಹೆಣ್ಣುಮಕ್ಕಳಿಗೂ ವಿದ್ಯೆ ಸಲ್ಲಬೇಕೆಂದು ಆ ಕಾಲದಲ್ಲಿಯೇ ವಾದಿಸಿದವನನ್ನು ನಮ್ಮ ಶಾಲೆಯವರು ಹೇಗೆ ಮರೆತಾರು?

ಪುಸ್ತಕವು ಮರುವರ್ಷವೇ ಇಂಗ್ಲಿಷಿಗೆ ಪರಿವರ್ತಿತವಾಯಿತು. ಕೊಮೇನಿಯಸನು 1670ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ, ಪರದೇಶಿಯಾಗಿಯೇ ತೀರಿಕೊಂಡನು.