ಸೋತವನಿಗಾಗಿ ಸಲ್ಲಿಸಿದ ಪ್ರಾರ್ಥನೆ

ಗೆದ್ದವನಿಗೆ ಹಾರ ಹಾಕಲು ಜನ ಬೇಗನೆ ಕೂಡುತ್ತಾರೆ. ಸೋತವನ ಪಕ್ಕದಲ್ಲಿ ನಿಲ್ಲುವವರು ವಿರಳ. ಈ ಲೋಕರೂಢಿಯನ್ನು ಒಮ್ಮೆ ಸುಳ್ಳುಮಾಡಿದ ಊರೊಂದನ್ನೂ, ಆ ಊರಿನ ಪ್ರೀತಿಗೆ ಪಾತ್ರರಾದ ಆಟಗಾರರೊಬ್ಬರನ್ನೂ ಈ ವಾರ ನಾವು ನೆನೆಯೋಣ. ಊರು ನ್ಯೂಯಾರ್ಕ್ ನಗರದ ಬ್ರೂಕ್ಲಿನ್. ಆಟಗಾರರು ಬೇಸ್‌ಬಾಲ್ ಕ್ರೀಡೆಯಲ್ಲಿ ಹೆಸರಾಂತ ಗಿಲ್ ಹಾಡ್ಜಸ್.

ಹಾಡ್ಜಸ್ ಅವರು 1924ರ ಏಪ್ರಿಲ್ 4ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಪ್ರಿನ್ಸ್‌ಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕರು. ತಮ್ಮ ಮಕ್ಕಳು ಆ ಗಣಿಗೆ ಇಳಿಯಬಾರದೆಂಬುದೇ ಅವರ ಹಂಬಲ. ಮಗ ಕಥೋಲಿಕ ಸಂಸ್ಥೆಯಾದ ಸಂತ ಜೋಸೆಫರ ಕಾಲೇಜನ್ನು ಸೇರಿದರೂ ಆಟದ ಸೆಳೆತ ಬಲವಾಯಿತು. 1943ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಒಂದೇ ಒಂದು ಪಂದ್ಯವನ್ನಾಡಿ, ಮರೀನ್ ಸೇನಾಪಡೆಗೆ ಸೇರಿ ಯುದ್ಧಕ್ಕೆ ತೆರಳಿದರು. ಪೆಸಿಫಿಕ್ ಸಾಗರದ ಓಕಿನಾವ ದ್ವೀಪದ ಘೋರ ಕಾಳಗವನ್ನು ಕಂಡು, ಕಂಚಿನ ತಾರೆಯ ಪದಕದೊಡನೆ ಮರಳಿದರು.

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಈ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಬೇಸ್‌ಬಾಲ್ ಮೈದಾನದ ಒಳಭಾಗದಲ್ಲಿ ಒಂದು ಚೌಕವಿದೆ. ಅದರ ಮೂಲೆಗಳೇ ಬೇಸ್‌ಗಳು. ಚೆಂಡನ್ನು ಹೊಡೆದವನು ಮೊದಲ ಬೇಸ್‌ಗೆ ಓಡುವನು. ಅವನು ತಲುಪುವ ಮುನ್ನ ಅಲ್ಲಿ ನಿಂತ ರಕ್ಷಕನ ಕೈಗೆ ಚೆಂಡು ಸೇರಿದರೆ ಅವನು ಔಟ್. ಹೀಗೆ ಉಳಿದವರು ಎಸೆದದ್ದನ್ನೆಲ್ಲ ಹಿಡಿಯುವುದೇ ಮೊದಲ ಬೇಸ್ ಆಟಗಾರನ ಕಾಯಕ. 1947ರಲ್ಲಿ ಆ ಸ್ಥಾನದಲ್ಲಿ ಆಡಿದವರು, ವರ್ಣಭೇದದ ಗೋಡೆಯನ್ನು ಕೆಡವಿದ ಜ್ಯಾಕಿ ರಾಬಿನ್ಸನ್. 1948ರಲ್ಲಿ ರಾಬಿನ್ಸನ್ ಎರಡನೆಯ ಬೇಸ್‌ಗೆ ಹೋದಾಗ ಹಾಡ್ಜಸ್ ಮೊದಲನೆಯದಕ್ಕೆ ಬಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರೂಕ್ಲಿನ್ನಿನ ಜೋನ್ ಲೊಂಬಾರ್ಡಿ ಎಂಬವರನ್ನು ವರಿಸಿ ಅಲ್ಲಿಯೇ ನೆಲೆಸಿದರು. 1950ರ ಆಗಸ್ಟ್ 31ರಂದು ಒಂದೇ ಪಂದ್ಯದಲ್ಲಿ ನಾಲ್ಕು ಬಾರಿ ಚೆಂಡನ್ನು ಬೇಲಿಯಾಚೆಗೆ ಅಟ್ಟಿ ನಾಲ್ಕು ಹೋಮ್ ರನ್ ಗಳಿಸಿದರು. ಎಲ್ಲರ ಕಣ್ಮಣಿಯಾದರು.

ಆದರೆ 1952ರ ಶರತ್ಕಾಲದಲ್ಲಿ ಕಾಲ ತಿರುಗಿತು. ವರ್ಷದ ಕೊನೆಯ ಮಹಾಸರಣಿಯಲ್ಲಿ, ನ್ಯೂಯಾರ್ಕ್ ಯಾಂಕೀಸ್ ತಂಡದ ವಿರುದ್ಧ ಏಳು ಪಂದ್ಯಗಳಲ್ಲಿ ಅವರ ಹೆಸರಿಗೆ ದಾಖಲಾದ 21 ಸರದಿಗಳಲ್ಲಿ ಒಂದು ಬಾರಿಯೂ ಅವರ ಹೊಡೆತ ಫಲಿಸಲಿಲ್ಲ. ತಂಡ ಸೋತಿತು. ಮರುವರ್ಷದ ಆರಂಭದಲ್ಲಿಯೂ ಅದೇ ಪಾಡು. ಕೆಲವು ಪಂದ್ಯಗಳಲ್ಲಿ ಅವರನ್ನು ಹೊರಗೆ ಕೂರಿಸಬೇಕಾಯಿತು.

ಬ್ರೂಕ್ಲಿನ್ನಿನ ಜನರಿಗೆ ಆಟಗಾರರನ್ನು ಗೇಲಿಮಾಡುವುದು ಹೊಸತಲ್ಲ. ಆದರೂ ಹಾಡ್ಜಸ್ ಅವರನ್ನು ಅವರು ಹಂಗಿಸಲಿಲ್ಲ. ಬದಲಾಗಿ ಪತ್ರಗಳು ಬಂದವು, ಜಪಸರಗಳು ಬಂದವು, ಸಂತರ ಪದಕಗಳು ಬಂದವು. 1953ರ ಒಂದು ಸೆಕೆಯ ಭಾನುವಾರ ಅಲ್ಲಿನ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದ ಗುರು ಹರ್ಬರ್ಟ್ ರೆಡ್‌ಮಂಡ್ ಅವರು, ಸೆಕೆ ವಿಪರೀತವಾದ್ದರಿಂದ ಪ್ರಬೋಧನೆ ಬೇಡವೆಂದು ತಿಳಿಸಿ, ದೇವರ ಕಟ್ಟಳೆಗಳನ್ನು ಪಾಲಿಸುವಂತೆಯೂ, ಗಿಲ್ ಹಾಡ್ಜಸ್‌ಗಾಗಿ ಒಂದು ಪ್ರಾರ್ಥನೆ ಸಲ್ಲಿಸುವಂತೆಯೂ ಭಕ್ತರಿಗೆ ಹೇಳಿ ಕಳುಹಿಸಿದರು. ಪ್ರತಿವಾರ ಪ್ರಬೋಧನೆಗಾಗಿ ಪುಟಗಟ್ಟಲೆ ಬರೆದಿಡುವ ನಮ್ಮಂಥವರಿಗೆ ಆ ಸಂಕ್ಷೇಪ ಒಂದು ಪಾಠವೇ ಸರಿ.

ಆ ವರ್ಷ ಮುಗಿಯುವ ವೇಳೆಗೆ ಹಾಡ್ಜಸ್ 31 ಹೋಮ್ ರನ್‌ಗಳನ್ನು ಗಳಿಸಿದ್ದರು. ಹಾಗಾದರೆ ಅದು ಪ್ರಾರ್ಥನೆಯ ಫಲವೇ? ನಾವು ಪ್ರಾಮಾಣಿಕರಾಗಿ ಉತ್ತರಿಸಬೇಕು. ತಂಡದ ಮ್ಯಾನೇಜರ್ ಚಕ್ ಡ್ರೆಸನ್ ಅವರು ಹಾಡ್ಜಸ್ ಹೊಡೆಯುವ ರೀತಿಯನ್ನು ಚಲನಚಿತ್ರವಾಗಿ ತೆಗೆಸಿ, ಹೆಜ್ಜೆಯಲ್ಲಿದ್ದ ದೋಷವನ್ನು ತೋರಿಸಿಕೊಟ್ಟಿದ್ದರು. ಹಾಡ್ಜಸ್ ಅದನ್ನು ತಿದ್ದಿಕೊಳ್ಳಲು ಶ್ರಮಿಸಿದ್ದರು. ದೇವರ ವರಪ್ರಸಾದವು ಮನುಷ್ಯ ಸ್ವಭಾವವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಪ್ರಾರ್ಥನೆ ಎಂಬುದು ದುಡಿಮೆಗೆ ಬದಲಿಯಲ್ಲ, ಗೆಲುವನ್ನು ಕೊಳ್ಳುವ ನಾಣ್ಯವೂ ಅಲ್ಲ. ಆ ವರ್ಷದ ಮಹಾಸರಣಿಯಲ್ಲಿ ಹಾಡ್ಜಸ್ ಚೆನ್ನಾಗಿಯೇ ಆಡಿದರು. ಆದರೂ ತಂಡ ಮತ್ತೆ ಸೋತಿತು. ಪ್ರಾರ್ಥನೆ ಮಾಡಿದ್ದು ಬೇರೊಂದು ಕೆಲಸ: ಸೋತ ಮನುಷ್ಯನು ಒಂಟಿಯಾಗದಂತೆ ನೋಡಿಕೊಂಡಿತು. ಒಂಟಿಯಲ್ಲದವನಿಗೆ ತನ್ನ ತಪ್ಪನ್ನು ನೋಡುವ ಧೈರ್ಯ ಬರುತ್ತದೆ.

ಜಯವೂ ಬಂತು. 1955ರ ಅಕ್ಟೋಬರ್ 4ರಂದು ಮಹಾಸರಣಿಯ ಏಳನೆಯ ಪಂದ್ಯದಲ್ಲಿ ಡಾಡ್ಜರ್ಸ್ 2–0ರಿಂದ ಗೆದ್ದಾಗ ಆ ಎರಡೂ ರನ್‌ಗಳು ಹಾಡ್ಜಸ್ ಹೊಡೆತಗಳಿಂದಲೇ ಬಂದವು. ಕೊನೆಯ ಎದುರಾಳಿಯನ್ನು ಔಟ್ ಮಾಡಿದ ಚೆಂಡು ಸೇರಿದ್ದೂ ಅವರ ಕೈಯನ್ನೇ. ಬ್ರೂಕ್ಲಿನ್ ಕಂಡ ಏಕೈಕ ಮಹಾಸರಣಿ ವಿಜಯವದು. ವೃತ್ತಿಜೀವನದಲ್ಲಿ ಒಟ್ಟು 370 ಹೋಮ್ ರನ್ ಗಳಿಸಿ, ಅವರು 1963ರಲ್ಲಿ ಆಟದಿಂದ ನಿವೃತ್ತರಾಗಿ ಮ್ಯಾನೇಜರ್ ಆದರು. 1968ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಹೊಣೆ ಹೊತ್ತರು. 1962ರಲ್ಲಿ ಹುಟ್ಟಿ ಮೊದಲ ವರ್ಷವೇ 120 ಪಂದ್ಯಗಳನ್ನು ಸೋತು ನಗೆಪಾಟಲಾಗಿದ್ದ ತಂಡವದು. 1968ರಲ್ಲಿ ಹೃದಯಾಘಾತಕ್ಕೆ ಒಳಗಾದರೂ ಹಾಡ್ಜಸ್ ಮರಳಿ ಬಂದು, 1969ರಲ್ಲಿ ಅದೇ ತಂಡವನ್ನು ಮಹಾಸರಣಿಯ ಗೆಲುವಿನತ್ತ ನಡೆಸಿದರು. ಸೋಲನ್ನು ಅರಿತವರೇ ಸೋತವರಿಗೆ ಒಳ್ಳೆಯ ಗುರುಗಳು.

1972ರ ಏಪ್ರಿಲ್ 2, ಪ್ರಭುವಿನ ಪುನರುತ್ಥಾನದ ಭಾನುವಾರ. ಫ್ಲೋರಿಡಾದಲ್ಲಿ ಹೃದಯಾಘಾತದಿಂದ ಹಾಡ್ಜಸ್ ದೈವಾಧೀನರಾದರು. 48 ತುಂಬಲು ಎರಡೇ ದಿನ ಉಳಿದಿತ್ತು. ಬ್ರೂಕ್ಲಿನ್ನಿನ ಕ್ರೈಸ್ತರ ಸಹಾಯಮಾತೆಯ ದೇವಾಲಯದಲ್ಲಿ ಅಂತಿಮ ಬಲಿಪೂಜೆ ನಡೆಯಿತು. ಆ ಕ್ರೀಡೆಯ ಅತ್ಯುನ್ನತ ಗೌರವವಾದ ಕೀರ್ತಿಮಂದಿರದ ಪ್ರವೇಶ ಅವರಿಗೆ ಬಹುಕಾಲ ದೊರೆಯಲಿಲ್ಲ. ಕೊನೆಗೆ 2022ರಲ್ಲಿ, ಮರಣಾನಂತರ 50 ವರ್ಷಕ್ಕೆ ದೊರೆಯಿತು. ಆ ದಿನವನ್ನು ಕಾಣಲು ಪತ್ನಿ ಜೋನ್ ಬದುಕಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರೂ ತೀರಿಕೊಂಡರು.

ಕೀರ್ತಿಮಂದಿರದ ಗೌರವ ತಡವಾಗಿ ಬಂದಿರಬಹುದು. ಊರಿನ ಪ್ರೀತಿ ಮಾತ್ರ ಬೇಕಾದ ಹೊತ್ತಿಗೇ ಬಂದಿತ್ತು. ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿಯೂ ಪರೀಕ್ಷೆಯಲ್ಲಿ ಬಿದ್ದ ಮಗಳಿದ್ದಾಳು, ಕೆಲಸ ಕಳೆದುಕೊಂಡ ಮಗನಿದ್ದಾನು. ಸಂಜೆಯ ಜಪಸರದ ಹೊತ್ತಿನಲ್ಲಿ ಅವರ ಸೋಲಿನ ಲೆಕ್ಕ ಓದದೆ, ಅವರ ಹೆಸರೆತ್ತಿ ಒಂದು ಪ್ರಾರ್ಥನೆ ಸಲ್ಲಿಸೋಣ. ಅದನ್ನು ಅವರ ಕಿವಿಗೆ ಬೀಳುವಂತೆಯೇ ಸಲ್ಲಿಸೋಣ.